ಕೈಬರಹದ ಪಹಣಿ ನಿಲ್ಲುವ ಮುಂಚೆ

ನಾನು ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ಗ್ರಾಮ ಲೆಕ್ಕಿಗನಾಗಿದ್ದೆ. ನನ್ನ ವೃತ್ತದಲ್ಲಿ ನಾಲ್ಕು ಊರು. ಶಾನುಭೋಗಿಕೆ ಹೋಗಿ ಎಷ್ಟೋ ಕಾಲವಾಗಿದ್ದರೂ ವಯಸ್ಸಾದವರು ನನ್ನನ್ನು ‘ಶಾನುಭೋಗ್ರೇ’ ಅಂತಲೇ ಕರೆಯುತ್ತಿದ್ದರು. ಯಾವ ಹೊಲ ಯಾರದು, ಎಷ್ಟು, ಏನು ಬೆಳೆ ಅಂತ ಬರೆದಿಡುವ ಪಹಣಿ ಪುಸ್ತಕ ನನ್ನ ಚೀಲದಲ್ಲಿ ಇರುತ್ತಿತ್ತು. ನಾನು ಬರೆದುಕೊಟ್ಟರೆ ಪಹಣಿ, ಇಲ್ಲದಿದ್ದರೆ ಇಲ್ಲ. ಒಬ್ಬನ ಕೈಯಲ್ಲಿ ಅಷ್ಟು ಅಧಿಕಾರ ಇರಬಾರದಿತ್ತು ಅಂತ ಈಗಲೂ ಅನ್ನುತ್ತೇನೆ.

2000ನೇ ಇಸವಿ ಹೊತ್ತಿಗೆ ಸರ್ಕಾರದ ‘ಭೂಮಿ’ ಯೋಜನೆ ಬಂತು. ರಾಜ್ಯದಲ್ಲಿ ಸುಮಾರು 67 ಲಕ್ಷ ರೈತರು, 2 ಕೋಟಿ ಪಹಣಿ. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಯಾರು ಕೇಳಿದರೂ ಪ್ರಿಂಟ್ ಕೊಡುವುದು. ಜೊತೆಗೆ ಇನ್ನೊಂದು ತೀರ್ಮಾನ ಇತ್ತು. ತಾಲ್ಲೂಕಿನಲ್ಲಿ ಕಂಪ್ಯೂಟರ್ ಪಹಣಿ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿ ನಡೆಯುವುದಿಲ್ಲ.

ಅದು ಬೇಕಾಗಿತ್ತು. 1990ರ ದಶಕದಲ್ಲೂ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ ನಡೆದಿತ್ತು. ಆದರೆ ಖಾತೆ ಬದಲಾಗುವುದು ತಾಲ್ಲೂಕಿನಲ್ಲಿ, ಅಲ್ಲಿ ಕಂಪ್ಯೂಟರೇ ಇರಲಿಲ್ಲ. ಏರಿಸಿದ್ದೆಲ್ಲ ಹಳೆಯದಾಗಿ ಕೂತಿತು. ಪುಸ್ತಕ ಒಂದು ಕಡೆ, ಕಂಪ್ಯೂಟರ್ ಒಂದು ಕಡೆ ನಡೆದರೆ ಯಾವುದನ್ನು ನಂಬೋದು, ಅಲ್ವಾ?

ನನ್ನನ್ನು ಕಾಡಿದ್ದು ಬೇರೆ. ಕೈಬರಹ ನಿಲ್ಲುತ್ತದೆ ಅನ್ನುವುದು ನನ್ನ ನಾಲ್ಕು ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ರೈತರ ಪಾಲಿಗೆ ಹೊಸದು ಬಂದ ದಿನಕ್ಕಿಂತ ಹಳೆಯದು ನಿಂತ ದಿನ ದೊಡ್ಡದು. ಆ ದಿನದ ಒಳಗೆ ಪಹಣಿಯಲ್ಲಿ ಇರೋದು ಸರಿಯಾ ಅಂತ ಅವರನ್ನೇ ಕೇಳಬೇಕು ಅಂತ ನಾನು ನಿರ್ಧಾರ ಮಾಡಿದೆ. ಹಾಗೆ ಮಾಡು ಅಂತ ನನಗೆ ಯಾರೂ ಹೇಳಿರಲಿಲ್ಲ.

ಟೈಪ್ ಮಾಡಿದ ಪಹಣಿಗಳ ಪ್ರಿಂಟ್ ತಾಳೆ ನೋಡಲು ನಮ್ಮ ಕೈಗೆ ಬರುತ್ತಿತ್ತು. ಕಚೇರಿಯಲ್ಲಿ ಕೂತು ಪುಸ್ತಕದ ಜೊತೆ ಹೋಲಿಸಿ ಸಹಿ ಹಾಕಿದರೆ ಕೆಲಸ ಮುಗಿಯುತ್ತಿತ್ತು. ನಾನು ಅದನ್ನು ಊರಿನ ಚಾವಡಿಗೆ ಹೊತ್ತುಕೊಂಡು ಹೋದೆ. ತಳವಾರರಿಂದ ಹಿಂದಿನ ದಿನವೇ ಊರಿಗೆ ಸುದ್ದಿ ಸಾರಿಸಿದ್ದೆ. ಸಂಜೆ ಹೊಲದಿಂದ ಬಂದವರು ಸೇರಿದ ಮೇಲೆ ಒಂದೊಂದೇ ಸರ್ವೆ ನಂಬರ್ ಕೂಗಿ ಓದಿದೆ. ಎಷ್ಟು ಎಕರೆ, ಎಷ್ಟು ಗುಂಟೆ, 9ನೇ ಕಲಮಿನಲ್ಲಿ ಯಾರ ಹೆಸರು, 11ರಲ್ಲಿ ಯಾವ ಸಾಲ, 12ರಲ್ಲಿ ಏನು ಬೆಳೆ.

ಟೈಪಿನ ತಪ್ಪುಗಳು ಬೇಗ ಸಿಕ್ಕವು. 2 ಎಕರೆ 3 ಗುಂಟೆ ಇದ್ದದ್ದು 3 ಎಕರೆ 2 ಗುಂಟೆ ಆಗಿತ್ತು. ‘ಕೋಂ’ ಇರಬೇಕಾದ ಕಡೆ ‘ಬಿನ್’ ಬಿದ್ದು ಒಬ್ಬ ಹೆಂಗಸು ತನ್ನ ಗಂಡನಿಗೇ ಮಗಳಾಗಿದ್ದಳು. ಇವನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕಳಿಸಿದೆ.

ಕಷ್ಟದ್ದು ಪುಸ್ತಕದಲ್ಲೇ ಇದ್ದ ತಪ್ಪುಗಳು. ಎರಡನೇ ಸಂಜೆ ಒಂದು ಹೆಸರು ಓದಿದಾಗ ಚಾವಡಿ ಸುಮ್ಮನಾಯಿತು. ಆಮೇಲೆ ಹಿಂದಿನಿಂದ ಒಬ್ಬರು, “ಅವರು ತೀರಿಕೊಂಡು ಹನ್ನೊಂದು ವರ್ಷ ಆಯ್ತಲ್ಲಾ ಶಾನುಭೋಗ್ರೇ” ಅಂದರು. ಪುಸ್ತಕಕ್ಕೆ ಪ್ರಿಂಟ್ ಸರಿಯಾಗಿ ತಾಳೆ ಆಗುತ್ತಿತ್ತು. ಕಚೇರಿಯಲ್ಲಿ ಕೂತಿದ್ದರೆ ನಾನು ಸಹಿ ಹಾಕಿಬಿಡುತ್ತಿದ್ದೆ. ಆ ಮನೆಯವರು ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾಯಿಸೋದಕ್ಕೆ, ಅರ್ಜಿಯನ್ನೇ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಇಂಥವರು ನಾಲ್ಕು ಊರಲ್ಲಿ ಬಹಳ ಇದ್ದರು. ಮರಣ ಪತ್ರ, ವಂಶವೃಕ್ಷ ಕೂಡಿಸಿ ಆದಷ್ಟು ಅರ್ಜಿ ಬರೆಸಿದೆ. ಆಗ ನೋಟಿಸ್ ಹಚ್ಚಿ 30 ದಿನ ತಕರಾರಿಗೆ ಕಾಯಬೇಕಿತ್ತು. ಎಲ್ಲ ಮುಗಿಸಲು ಆಗಲಿಲ್ಲ. ಕೆಲವರ ಪಹಣಿ ಸತ್ತವರ ಹೆಸರಲ್ಲೇ ಕಂಪ್ಯೂಟರಿಗೆ ಹೋಯಿತು. ಆ ನೋವು ನನಗೆ ಇನ್ನೂ ಇದೆ.

ಚಾವಡಿಯಲ್ಲಿ ಇನ್ನೊಂದು ಕೊರತೆ ಕಂಡಿತು. ಬಂದವರೆಲ್ಲ ಗಂಡಸರು. ಗಂಡ ಇಲ್ಲದೆ ಹೊಲ ಮಾಡುತ್ತಿದ್ದ ಹೆಂಗಸರು ಒಬ್ಬರೂ ಬಂದಿರಲಿಲ್ಲ. ಹಾಗಾಗಿ ಮರುವಾರ ಬೆಳಗ್ಗೆ ಆರಕ್ಕೆ ಹಾಲಿನ ಡೈರಿ ಮುಂದೆ ಕೂತೆ. ಕ್ಯಾನು ಹಿಡಿದು ಬಂದವರಿಗೆ ಅವರವರ ಹೊಲದ್ದು ಮಾತ್ರ ಓದಿ ಹೇಳಿದೆ. ಅಣ್ಣತಮ್ಮಂದಿರು ನಮ್ಮ ಪಾಲು ಬಿಟ್ಟು ಬರೆಸಿಕೊಂಡಿದ್ದಾರೆ ಅಂತ ಇಬ್ಬರು ಅಕ್ಕಂದಿರು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲೇ. ಅವರಿಂದ ತಕರಾರು ಅರ್ಜಿ ಬರೆಸಿದೆ.

ಆಗಲೇ ಒಬ್ಬ ಅಜ್ಜಿ ಕೇಳಿದರು: “ಇನ್ಮೇಲೆ ಪಹಣಿಗೆ ತಾಲ್ಲೂಕಿಗೆ ಹೋಗಬೇಕಾ ಮಗಾ? ಬಸ್ ಚಾರ್ಜು, ಒಂದಿನದ ಕೂಲಿ ಯಾರು ಕೊಡ್ತಾರೆ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಲಂಚ ತಪ್ಪಿಸಲು ಕಿಟಕಿಯನ್ನು ಊರಿನಿಂದ ದೂರ ಇಟ್ಟಿದ್ದರು. ಆ ದೂರ ಯಾರ ತಲೆ ಮೇಲೆ ಬೀಳುತ್ತದೆ ಅಂತ ಊರಲ್ಲಿ ಕೇಳಿರಲಿಲ್ಲ. ಅಜ್ಜಿಯ ಪ್ರಶ್ನೆಯನ್ನು ಹಾಗೇ ಬರೆದು ಮೇಲಿನವರಿಗೆ ಕೊಟ್ಟೆ, ಜವಾಬು ಬರಲಿಲ್ಲ. ಯಾರ ಪಹಣಿಯನ್ನು ಯಾರು ಬೇಕಾದರೂ ತೆಗೆಸಬಹುದಾಗಿತ್ತಲ್ಲ, ಹಾಗಾಗಿ ಮೀಟಿಂಗಿಗೆ ಹೋಗುವ ದಿನ ಸರ್ವೆ ನಂಬರ್ ಚೀಟಿ, 15 ರೂಪಾಯಿ ಇಸಿದುಕೊಂಡು ನಾನೇ ತಂದುಕೊಡುತ್ತಿದ್ದೆ. ಲೆಕ್ಕವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದು ಚಾವಡಿಯಲ್ಲೇ ಇಟ್ಟಿದ್ದೆ. ಹೋಬಳಿಯ ನಾಡಕಚೇರಿಯಲ್ಲಿ ಪಹಣಿ ಸಿಗುವಂತಾಗಿದ್ದು ಆಮೇಲೆ.

2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆಯುವಾಗ ನಮ್ಮ ಊರಿನ ಹೊಸ ಗ್ರಾಮ ಆಡಳಿತಾಧಿಕಾರಿ (ಗ್ರಾಮ ಲೆಕ್ಕಿಗರಿಗೆ ಈಗಿನ ಹೆಸರು) ಮನೆಗೆ ಬಂದಿದ್ದಳು. ಚಿಕ್ಕ ವಯಸ್ಸಿನ ಹುಡುಗಿ, ಕೈಯಲ್ಲಿ ಮೊಬೈಲು. “ಸರ್, ಎಷ್ಟೊಂದು ಪಹಣಿಗೆ ಆಧಾರ್ ಕೊಡೋಕೆ ಮನುಷ್ಯರೇ ಇಲ್ಲ” ಅಂದಳು. ತೋರಿಸಿದ ಪಟ್ಟಿಯಲ್ಲಿ ನನಗೆ ಗೊತ್ತಿದ್ದ ಮೂರು ಹೆಸರು ಇದ್ದವು. ಅಂದು ನಾನು ಮುಗಿಸಲಾಗದೆ ಬಿಟ್ಟಿದ್ದ ಹೆಸರುಗಳೇ. ಆ ಮೂರು ಮನೆ ಎಲ್ಲಿವೆ ಅಂತ ಹೇಳಿದೆ. ಡೈರಿಗೆ ಹಾಲು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದನ್ನೂ ಹೇಳಿದೆ.