ಪಯಸ್ವಿನಿಗೆ ಕಯಾಕ್ ಇಳಿಸುವ ಮುನ್ನ

ಕೊಡಗಿನ ಘಟ್ಟದಲ್ಲಿ ಹುಟ್ಟಿ, ಸುಳ್ಯವನ್ನು ದಾಟಿ ನಮ್ಮ ಕಾಸರಗೋಡಿಗೆ ಇಳಿಯುವ ಪಯಸ್ವಿನಿಯಲ್ಲಿ ಅಡೂರಿನವರೆಗೆ ಕಯಾಕ್ ಎಂಬ ಸಣ್ಣ ಹುಟ್ಟುದೋಣಿಯಲ್ಲಿ ಬರಬೇಕೆಂದು ಗೆಳೆಯರೊಡನೆ ನಿಶ್ಚಯಿಸಿದಾಗ, ಮೊದಲು ಗೊತ್ತುಮಾಡಿಕೊಂಡದ್ದು ತಿಂಗಳನ್ನು. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹೊಳೆ ಕೆಂಪಾಗಿ ಉಕ್ಕುತ್ತದೆ. ಬೇಸಗೆಯಲ್ಲಿ ಬಂಡೆಗಳ ನಡುವಿನ ಗುಂಡಿಗಳಲ್ಲಷ್ಟೇ ನೀರು. ಆದ್ದರಿಂದ ಆಟಿಯ ಮುಂದಿನ ತಿಂಗಳಾದ ಸೋಣದ ಕೊನೆಯಲ್ಲಿ, ಮಳೆ ಬಿಡುವು ಕೊಟ್ಟ ದಿನಗಳನ್ನು ಆರಿಸಿಕೊಂಡೆವು.

ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಎರಿಂಜಿಪುಳದಲ್ಲಿದೆ. ಅದು ನಮ್ಮ ದಾರಿಗಿಂತ ಕೆಳಗಿರುವುದರಿಂದ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ತಿಳಿಯಲು ಮಾತ್ರ ಉಪಯೋಗಕ್ಕೆ ಬಂತು. ಅಡೂರಿನಲ್ಲಿ ಬಿಸಿಲಿದ್ದರೂ ಘಟ್ಟದ ಮಳೆ ಕೆಲವು ಗಂಟೆಗಳಲ್ಲಿ ಕೆಳಗೆ ಬರುತ್ತದೆ. ಹಾಗಾಗಿ ಹಿಂದಿನ ರಾತ್ರಿ ಮತ್ತು ಹೊರಡುವ ಬೆಳಗ್ಗೆ ಘಟ್ಟದ ಬುಡದ ಸಂಪಾಜೆಯ ಪರಿಚಯಸ್ಥರಿಗೆ ಫೋನ್ ಮಾಡಿ ಕೇಳುವುದನ್ನು ನಿಯಮ ಮಾಡಿಕೊಂಡೆವು.

ಹೆಚ್ಚು ಸಮಯ ಹಿಡಿದದ್ದು ಹೊಳೆಯನ್ನು ಮೊದಲೇ ನೋಡಿಕೊಳ್ಳುವ ದಡದ ನಡಿಗೆ. ಹೊಸಬರು ಬಂಡೆಗಳ ನಡುವೆ ನೊರೆಯೆದ್ದು ಧುಮುಕುವ ಬಿಳಿನೀರಿಗೆ ಹೆದರುತ್ತಾರೆ; ನನ್ನ ಹೆದರಿಕೆ ಕಿಂಡಿ ಅಣೆಕಟ್ಟುಗಳದ್ದು. ಬೇಸಗೆಗೆ ನೀರು ನಿಲ್ಲಿಸುವ ಹಲಗೆಗಳನ್ನು ಮಳೆಗಾಲಕ್ಕೆ ಮುಂಚೆ ತೆಗೆದಿರುತ್ತಾರೆ ನಿಜ, ಆದರೆ ತೇಲಿಬಂದ ಕೊಂಬೆಗಳು ಕಿಂಡಿಗಳಲ್ಲಿ ಸಿಕ್ಕಿಕೊಂಡರೆ ಅವುಗಳ ಸಂದಿನಲ್ಲಿ ನೀರು ದಾಟುತ್ತದೆ, ಮನುಷ್ಯ ದಾಟುವುದಿಲ್ಲ. ನೀರು ಗೋಡೆಯ ಮೇಲಿನಿಂದಲೇ ಹಾಯುವಾಗ ಅಪಾಯ ಇನ್ನೊಂದು ಬಗೆಯದು. ಒಂದು ಕಟ್ಟೆಯ ಬುಡದಲ್ಲಿ ಅಡಿಕೆ ಹಾಳೆಯೊಂದು ಮುಳುಗುತ್ತ, ಏಳುತ್ತ, ಮತ್ತೆ ಗೋಡೆಯ ಕಡೆಗೇ ಸರಿಯುತ್ತ ಇದ್ದುದನ್ನು ನಾವು ಬಹಳ ಹೊತ್ತು ನೋಡಿದೆವು. "ಇಲ್ಲಿ ಬಿದ್ದ ಹಾಳೆ ಸಂಜೆವರೆಗೂ ಹೊರಡುವುದಿಲ್ಲ" ಎಂದರು ಪಕ್ಕದ ತೋಟದವರು. ಬಿದ್ದ ನೀರು ತಳಕ್ಕೆ ನುಗ್ಗುವಾಗ ಮೇಲ್ಪದರದ ನೀರು ಹಿಂದಕ್ಕೆ ಹರಿಯುವುದೇ ಇದಕ್ಕೆ ಕಾರಣ. ಬಂಡೆಗಳ ನಡುವಣ ಸುಳಿಗೆ ಸಾಮಾನ್ಯವಾಗಿ ಬದಿಯಲ್ಲಿ ಎಲ್ಲಾದರೂ ತೆರಪಿರುತ್ತದೆ, ದಡದಿಂದ ದಡಕ್ಕೆ ಕಟ್ಟಿದ ಗೋಡೆಯ ಕೆಳಗೆ ಅದೂ ಇರದು. ಲೈಫ್ ಜಾಕೆಟ್ ತೊಟ್ಟವನನ್ನೂ ಅಲ್ಲಿನ ಸುಳಿ ಬಿಡುವುದಿಲ್ಲ. ಆದ್ದರಿಂದ ಪ್ರತಿಯೊಂದು ಕಟ್ಟೆಗೂ ಸಾಕಷ್ಟು ಮೇಲೆಯೇ ದಡ ಹತ್ತುವ ಜಾಗವನ್ನು ಗುರುತಿಸಿ, ಅಲ್ಲಿಂದ ಕಯಾಕನ್ನು ಹೊತ್ತೇ ನಡೆಯುವುದೆಂದು ತೀರ್ಮಾನಿಸಿದೆವು.

ಅಂತಾರಾಷ್ಟ್ರೀಯ ಕ್ರಮದಲ್ಲಿ ಬಿಳಿನೀರಿಗೆ 1ರಿಂದ (ಅತಿ ಸುಲಭ) 6ರವರೆಗೆ (ಅತಿ ಕಠಿಣ) ದರ್ಜೆಗಳಿವೆ. ದಾರಿಯಿಲ್ಲದ ಕಾಡಿನ ನಡುವೆ 3ನೇ ದರ್ಜೆಯನ್ನು 4 ಎಂದೇ ಎಣಿಸಬೇಕು, ಏಕೆಂದರೆ ಕಾಲು ಮುರಿದವನನ್ನು ರಸ್ತೆಗೆ ತಲುಪಿಸುವುದಕ್ಕೇ ಅರ್ಧ ದಿನ ಬೇಕಾದೀತು. ಈ ದೃಷ್ಟಿಯಿಂದ ತೂಗುಸೇತುವೆಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕಿದೆವು. ಸೇತುವೆಯಿದ್ದಲ್ಲಿ ಕಾಲುದಾರಿಯೂ ಮನೆಯೂ ಇರುತ್ತವೆ.

ಹೆಲ್ಮೆಟ್, ಸೀಟಿ, ತೇಲುವ ಹಗ್ಗದ ಚೀಲ, ಚಾಕು ಪ್ರತಿಯೊಬ್ಬರ ಬಳಿಯೂ ಇದ್ದವು. ದೇಲಂಪಾಡಿ, ಕಾರಡ್ಕದ ಕಾಡುಗಳಲ್ಲಿ ಆನೆಗಳ ಓಡಾಟವಿರುವುದರಿಂದ ಬೆಳಕು ಚೆನ್ನಾಗಿ ಹರಿದ ಮೇಲೆ ಇಳಿಯುವುದು, ಸಂಜೆ ನಾಲ್ಕಕ್ಕೆ ಎಲ್ಲಿದ್ದರೂ ಮುಂದಿನ ಸೇತುವೆಯಲ್ಲಿ ದಡ ಹತ್ತುವುದು ಎಂದು ಮಾತಾಯಿತು. ನಮ್ಮನ್ನು ಕರೆದೊಯ್ಯಲು ಬರುವ ಜೀಪಿನವರಿಗೂ ಸೇತುವೆಗಳ ಪಟ್ಟಿಯನ್ನು ಬರೆದು ಕೊಟ್ಟೆವು, ಹೊಳೆಯ ಬದಿಯಲ್ಲಿ ಮೊಬೈಲ್ ಸಿಗುತ್ತದೆಂಬ ಭರವಸೆಯಿರಲಿಲ್ಲ.