ನಿಂತು ಕೆಟ್ಟ ಎಂಜಿನ್‌ಗಳು: ಎನ್ ಸ್ಕೇಲ್ ರೈಲಿನ ರಿಪೇರಿ ಮತ್ತು ಸಂಗ್ರಹ

ಬದಿಯಡ್ಕದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಹಗಲಿಡೀ ತೋಟದ ಪಂಪು, ಮಿಕ್ಸಿ, ಗ್ರೈಂಡರ್. ಸಂಜೆ ಶಟರ್ ಎಳೆದ ಮೇಲೆ ಅದೇ ಮೇಜಿನ ಮೇಲೆ ಎನ್ ಸ್ಕೇಲ್ ಎಂಬ ಅಳತೆಯ ಮಾದರಿ ರೈಲುಗಳ, ಹನ್ನೊಂದು ಸೆಂಟಿಮೀಟರ್ ಉದ್ದದ ಡೀಸೆಲ್ ಎಂಜಿನ್‌ಗಳು ಬಂದು ಕೂರುತ್ತವೆ. ಎನ್ ಸ್ಕೇಲ್ ಅಂದರೆ ನಿಜವಾದ ರೈಲಿನ 160ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 9 ಮಿಲಿಮೀಟರ್, ಓಡುವುದು 12 ವೋಲ್ಟ್ ಡಿಸಿಯಲ್ಲಿ. ಜಪಾನಿನವರು ತಮ್ಮ ರೈಲನ್ನು 1:150ರಲ್ಲೂ ಬ್ರಿಟನ್ನಿನವರು 1:148ರಲ್ಲೂ ಮಾಡುತ್ತಾರೆ, ಆದರೂ ಎಲ್ಲ ಓಡುವುದು ಅದೇ 9 ಮಿಲಿಮೀಟರ್ ಹಳಿಯ ಮೇಲೆ.

ನಾನು ಹೆಚ್ಚಾಗಿ ಕೊಳ್ಳುವುದು ‘ಓಡುವುದಿಲ್ಲ’ ಎಂದು ಬರೆದು ಮಾರಾಟಕ್ಕಿಟ್ಟ ಎಂಜಿನ್‌ಗಳನ್ನೇ. ಬೆಲೆ ಕಡಿಮೆ ಎಂಬುದು ಒಂದು ಕಾರಣ. ಇನ್ನೊಂದು, ಇಷ್ಟು ವರ್ಷ ಬಿಚ್ಚಿ ನೋಡಿದ ಮೇಲೆ ನನಗೆ ಖಾತ್ರಿಯಾದ ಸಂಗತಿ: ಓಡಿ ಓಡಿ ಸವೆದ ಎಂಜಿನ್ ಸಿಗುವುದು ಅಪರೂಪ. ಮುಕ್ಕಾಲುಪಾಲು ಡಬ್ಬಿಯಲ್ಲಿ ನಿಂತೇ ಕೆಟ್ಟವು. ಗ್ರೀಸ್ ಗಟ್ಟಿಯಾಗಿರುತ್ತದೆ, ತಗಡು ಕಪ್ಪಾಗಿರುತ್ತದೆ, ರಬ್ಬರ್ ಒಣಗಿರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಸಮುದ್ರದ ಗಾಳಿ ಬೀಸುವ ನಮ್ಮ ಕಾಸರಗೋಡಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಎಂಜಿನ್ ಕೈಗೆ ಬಂದ ಕೂಡಲೇ ಬಾಡಿ ಕಳಚಲು ಹೋಗಬಾರದು. ಮೊದಲು ಕರೆಂಟು ಬರುವ ದಾರಿ ನೋಡಬೇಕು. ಈ ಅಳತೆಯ ಬಹುಪಾಲು ಡೀಸೆಲ್ ಎಂಜಿನ್‌ಗಳ ಚಾಸಿಯಲ್ಲಿ (ಬಾಡಿಯೊಳಗಿನ ಚೌಕಟ್ಟು) ಲೋಹದ ಎರಡು ಹೋಳುಗಳಿರುತ್ತವೆ, ನಡುವೆ ಪ್ಲಾಸ್ಟಿಕ್ಕಿನ ಇನ್ಸುಲೇಶನ್. ಎಡ ಹಳಿಯ ಕರೆಂಟು ಒಂದು ಹೋಳಿಗೆ, ಬಲ ಹಳಿಯದ್ದು ಇನ್ನೊಂದಕ್ಕೆ. ಹಳಿಯಿಂದ ಚಕ್ರ, ಚಕ್ರದಿಂದ ಅಚ್ಚಿನ ತುದಿ, ಅಲ್ಲಿಂದ ತೆಳ್ಳಗಿನ ಕಂಚಿನ ತಗಡು, ತಗಡಿನಿಂದ ಚಾಸಿ, ಚಾಸಿಯಿಂದ ಮೋಟಾರಿನ ಬ್ರಶ್, ಅಂದರೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು. ಈ ಸಾಲಿನಲ್ಲಿ ಎಲ್ಲಿ ತಪ್ಪಿದೆ ಎಂದು ತಿಳಿಯಲು ಒಂದು 9 ವೋಲ್ಟ್ ಬ್ಯಾಟರಿ ಸಾಕು. ಅದರ ಎರಡು ವಯರನ್ನು ಚಕ್ರಗಳಿಗೆ ಮುಟ್ಟಿಸಿದಾಗ ಸುಮ್ಮನಿದ್ದು, ಚಾಸಿಯ ಎರಡು ಹೋಳಿಗೆ ಮುಟ್ಟಿಸಿದಾಗ ಮೋಟಾರು ತಿರುಗಿದರೆ ದೋಷ ಕೆಳಗಿದೆ, ಮೋಟಾರಿಗೆ ಕೈಹಚ್ಚಬೇಕಾಗಿಲ್ಲ. ಚಾಸಿಗೆ ಮುಟ್ಟಿಸಿದರೂ ತಿರುಗದಿದ್ದರೆ ಆಗ ಮೇಲಕ್ಕೆ ಹೋಗಬೇಕು.

ಹೆಚ್ಚಿನ ಸಲ ದೋಷ ಇರುವುದು ಕೆಳಗೇ. ಕಂಚಿನ ತಗಡಿನಲ್ಲಿ ಅಚ್ಚಿನ ತುದಿ ಕೂರುವ ಸಣ್ಣ ಕುಳಿ ಇರುತ್ತದೆ. ವಾಚ್ ರಿಪೇರಿಯವರ ಕಣ್ಣುಗಾಜು ಹಾಕಿ ನೋಡಿದರೆ ಆ ಕುಳಿಯಲ್ಲಿ ಕಪ್ಪು ಮಡ್ಡಿ, ಅಂಚಿನಲ್ಲಿ ಹಸಿರು ಕಿಲುಬು. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಆ ಕುಳಿಯೊಳಗೆ ತಿರುವುತ್ತೇನೆ. ಮೊದಲನೇ ಕಡ್ಡಿ ಇದ್ದಿಲಿನ ಬಣ್ಣಕ್ಕೆ ಬರುತ್ತದೆ; ಕಡ್ಡಿ ಬಿಳಿಯಾಗಿಯೇ ಹೊರಬರುವವರೆಗೂ ಬಿಡುವುದಿಲ್ಲ. ಚಕ್ರಗಳಿಗೆ ಬೇರೆ ಉಪಾಯ. ಹಳಿಯ ಮೇಲೆ ಆಲ್ಕೊಹಾಲಿನಲ್ಲಿ ಒದ್ದೆ ಮಾಡಿದ ಟಿಶ್ಯೂ ಹಾಸಿ, ಎಂಜಿನಿನ ಒಂದು ತುದಿಯ ಚಕ್ರಗಳನ್ನು ಬರಿಯ ಹಳಿಯ ಮೇಲೂ ಇನ್ನೊಂದು ತುದಿಯವನ್ನು ಟಿಶ್ಯೂ ಮೇಲೂ ಇಟ್ಟು, ಕೈಯಲ್ಲಿ ಹಿಡಿದು ಕರೆಂಟು ಕೊಡುವುದು. ಚಕ್ರ ತಾನಾಗಿ ಉಜ್ಜಿಕೊಳ್ಳುತ್ತದೆ, ಟಿಶ್ಯೂ ಮೇಲೆ ಎರಡು ಕರಿ ಗೆರೆ ಮೂಡುತ್ತದೆ. ಮರಳುಕಾಗದವನ್ನು ಹಳಿಗಾಗಲಿ ಚಕ್ರಕ್ಕಾಗಲಿ ಮುಟ್ಟಿಸಬೇಡಿ. ಅದು ಬಿಡುವ ಗೀರುಗಳಲ್ಲೇ ಮುಂದಿನ ಕೊಳೆ ಕೂರುತ್ತದೆ. ನಮ್ಮ ಕೆಂಪುಮಣ್ಣಿನ ಧೂಳಿಗಂತೂ ಅಷ್ಟೇ ಜಾಗ ಸಾಕು.

ಇನ್ನು ಮೋಟಾರು. ಇಲ್ಲಿ ನನ್ನ ಹಗಲಿನ ಕೆಲಸ ಪೂರ್ತಿ ಉಪಯೋಗಕ್ಕೆ ಬಂತು. ಮಿಕ್ಸಿಯ ಆರ್ಮೇಚರಿಗೂ (ತಂತಿ ಸುತ್ತಿದ, ತಿರುಗುವ ಭಾಗ) ಇದಕ್ಕೂ ತತ್ತ್ವದಲ್ಲಿ ದೊಡ್ಡ ಭೇದವಿಲ್ಲ. ಬ್ರಶ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್, ಮಾತ್ರ ಮೆಂತೆಕಾಳಿನಷ್ಟು. ಅದರ ಸೀಳುಗಳಲ್ಲಿ ಕಾರ್ಬನ್ ಪುಡಿ ತುಂಬಿದರೆ ತಾಮ್ರದ ಒಂದು ಸೆಗ್ಮೆಂಟಿನಿಂದ (ತುಂಡಿನಿಂದ) ಪಕ್ಕದ್ದಕ್ಕೆ ಕರೆಂಟು ಹಾಯುತ್ತದೆ, ಮೋಟಾರು ಬಿಸಿಯಾಗುತ್ತದೆ, ಜೋರು ಬರುವುದಿಲ್ಲ. ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚಪ್ಪಟೆ ಮಾಡಿ ಒಂದೊಂದೇ ಸೀಳನ್ನು ಕೆರೆದು ತೆಗೆಯಬೇಕು. ಸೂಜಿ ಬೇಡ, ತಾಮ್ರಕ್ಕೆ ಗೀರು ಬೀಳುತ್ತದೆ.

ವೈಂಡಿಂಗ್ ಸರಿ ಇದೆಯೋ ಇಲ್ಲವೋ ಎಂಬುದಕ್ಕೆ ಮಲ್ಟಿಮೀಟರ್. ಮೂರು ಪೋಲಿನ (ತಂತಿ ಸುತ್ತುವ ಮೂರು ಕಾಲುಗಳ) ಸಣ್ಣ ಮೋಟಾರುಗಳಲ್ಲಿ ಸಾಮಾನ್ಯವಾಗಿ ಡೆಲ್ಟಾ ವೈಂಡಿಂಗ್ ಇರುತ್ತದೆ, ಅಂದರೆ ಮೂರು ಕಾಯಿಲುಗಳನ್ನು (ತಂತಿಸುರುಳಿ) ತ್ರಿಕೋನದಂತೆ ಕೂಡಿಸಿರುತ್ತದೆ. ಬ್ರಶ್ ತೆಗೆದು, ಸೆಗ್ಮೆಂಟುಗಳ ನಡುವೆ ಎರಡೆರಡಾಗಿ ಓಮ್ಸ್ ನೋಡಿ. ಮೂರು ಅಳತೆಯೂ ಒಂದೇ ಬಂದರೆ ವೈಂಡಿಂಗ್ ಜೀವಂತ. ಒಂದು ಅಳತೆ ಉಳಿದೆರಡರ ಇಮ್ಮಡಿ ಬಂದರೆ ಆ ಎರಡು ಸೆಗ್ಮೆಂಟುಗಳ ನಡುವಿನ ಕಾಯಿಲ್ ಕಡಿದಿದೆ ಎಂದೇ ಅರ್ಥ. ಅಂಥ ಮೋಟಾರು ಕೆಲವು ಜಾಗದಲ್ಲಿ ನಿಂತರೆ ಸ್ಟಾರ್ಟೇ ಆಗದು, ಬೆರಳಿನಿಂದ ತಳ್ಳಿದರೆ ಓಡುತ್ತದೆ. ಅನೇಕ ಸಲ ಕಡಿದಿರುವುದು ತಂತಿಯ ತುದಿ, ಕಮ್ಯುಟೇಟರಿಗೆ ಬೆಸುಗೆ ಹಾಕಿದಲ್ಲೇ. ಸಣ್ಣ ತುದಿಯ ಸೋಲ್ಡರಿಂಗ್ ಐರನ್ನಿನಿಂದ ಮತ್ತೆ ಕೂಡಿಸಬಹುದು. ಆಲ್ನಿಕೋ ಎಂಬ ಮಿಶ್ರಲೋಹದ ಹಳೆಯ ಮ್ಯಾಗ್ನೆಟ್ ಇರುವ ಮೋಟಾರಾದರೆ ಆರ್ಮೇಚರ್ ಹೊರತೆಗೆಯುವ ಮೊದಲೇ ಮ್ಯಾಗ್ನೆಟ್ಟಿನ ಎರಡು ತುದಿಗೆ ಕಬ್ಬಿಣದ ತುಂಡೊಂದನ್ನು ಅಂಟಿಸಿಡಿ, ಇಲ್ಲದಿದ್ದರೆ ಅದರ ಶಕ್ತಿ ಇಳಿಯುತ್ತದೆ.

ಸದ್ದನ್ನೂ ಕೇಳಬೇಕು. ಕೀರಲು ದನಿ ಬಂದರೆ ಮೋಟಾರಿನ ಅಚ್ಚು ತಿರುಗುವ ಬುಶ್ ಒಣಗಿದೆ. ಮೋಟಾರು ಗುಂಯ್ ಅನ್ನುತ್ತಾ ಚಕ್ರ ಅಲುಗದಿದ್ದರೆ ಗಿಯರಿನ ಗ್ರೀಸ್ ಮೇಣವಾಗಿದೆ. ಗಿಯರುಗಳನ್ನು ಬಿಚ್ಚಿ ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ಕಿಗೆ ಆಗುವ ತಿಳಿ ಗ್ರೀಸನ್ನು ಒಂದಿಷ್ಟೇ ಹಚ್ಚಬೇಕು. ಚಕ್ರದ ಪ್ರತಿ ಸುತ್ತಿಗೊಮ್ಮೆ ಟಕ್ ಎಂದು ಎಂಜಿನ್ ಕುಂಟಿದರೆ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಗಿಯರ್ ಸೀಳಿದೆ. ಕೂದಲೆಳೆಯ ಬಿರುಕು, ಆದರೆ ಅಲ್ಲಿ ಎರಡು ಹಲ್ಲಿನ ನಡುವಿನ ಅಂತರ ಹಿಗ್ಗಿರುತ್ತದೆ. ಅಂಟು ಹಚ್ಚಿ ಪ್ರಯೋಜನವಿಲ್ಲ, ಆ ಜಾತಿಯ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದೇ ಇಲ್ಲ. ಹೊಸ ಗಿಯರೇ ಆಗಬೇಕು.

ಎಣ್ಣೆಯ ವಿಷಯದಲ್ಲಿ ನಮ್ಮೂರಿನಲ್ಲಿ ಎಲ್ಲರೂ ಹೇಳುವುದು ತೆಂಗಿನೆಣ್ಣೆ. ಬೇಡವೇ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಹಳತಾದಂತೆ ಜಿಗುಟಾಗುತ್ತದೆ. ನಾನು ಇನ್ಸುಲಿನ್ ಸಿರಿಂಜಿನಲ್ಲಿ ತೆಳು ಮಿನರಲ್ ಆಯಿಲ್ ತುಂಬಿ, ಬುಶ್ಶಿಗೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟೇ ಹನಿ ಕೊಡುತ್ತೇನೆ. ಹೆಚ್ಚಾದ ಎಣ್ಣೆ ಕಮ್ಯುಟೇಟರಿಗೆ ಹರಿದು ಕಾರ್ಬನ್ನಿನ ಜತೆ ಸೇರಿ ಮಡ್ಡಿಯಾಗುತ್ತದೆ.

ಸಂಗ್ರಹದ ಬಗ್ಗೆ ಕೇಳುವವರಿಗೆ ನಾನು ಹೇಳುವುದು, ಕಂಡದ್ದನ್ನೆಲ್ಲ ಕೊಳ್ಳದೆ ಒಂದು ಕುಟುಂಬ ಹಿಡಿಯಿರಿ. ನಾನು ಹಿಡಿದದ್ದು ಆಲ್ಕೋ. ಕುಂಬಳೆ ಸ್ಟೇಷನ್ನಿನಲ್ಲಿ ನಾವು ಚಿಕ್ಕಂದಿನಿಂದ ನೋಡಿದ್ದು ಡಬ್ಲ್ಯುಡಿಎಂ-2 ಎಂಜಿನನ್ನು. ಅದು ಅಮೆರಿಕದ ಆಲ್ಕೋ ಕಂಪೆನಿಯ ವಿನ್ಯಾಸ. ಮೊದಲನೆಯವು 1962ರಲ್ಲಿ ಅಲ್ಲಿಂದಲೇ ಬಂದವು, 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾದವು, 2600 ಅಶ್ವಶಕ್ತಿ. ಈಗ ಈ ಹಳಿಗೆ ವಿದ್ಯುತ್ ತಂತಿ ಬಂದಿದೆ, 2023ರಿಂದ ಕಾಸರಗೋಡಿನಿಂದ ವಂದೇ ಭಾರತವೂ ಹೊರಡುತ್ತದೆ. ಆ ಹಳೆಯ ಗುಡುಗು ನನಗೆ ಮೇಜಿನ ಮೇಲಾದರೂ ಬೇಕಿತ್ತು. ಹಾಗಾಗಿ ಅದರ ಅಮೆರಿಕದ ದಾಯಾದಿಗಳನ್ನು ಹುಡುಕಿದೆ: ಆರ್‌ಎಸ್-3, ಆರ್‌ಎಸ್-11, ಆರ್‌ಎಸ್‌ಡಿ-12. 1980ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಕಂಪೆನಿ ಅಟ್ಲಾಸ್ ಹೆಸರಿನಲ್ಲಿ ಬಂದ ಇವುಗಳ ಎನ್ ಸ್ಕೇಲ್ ಮಾದರಿಗಳ ಒಳಗಿನ ಕೆಲಸ ಜಪಾನಿನ ಕಾಟೋ ಕಂಪೆನಿಯದ್ದು. ಬಿಚ್ಚಲು ಸುಲಭ, ಇಂದಿಗೂ ಚೆನ್ನಾಗಿ ಓಡುತ್ತವೆ. ನಮ್ಮ ಬ್ರಾಡ್‌ಗೇಜಿನ 1676 ಮಿಲಿಮೀಟರ್ ಈ ಅಳತೆಯಲ್ಲಿ ಹತ್ತೂವರೆ ಮಿಲಿಮೀಟರ್ ಆಗಬೇಕು, 9ರ ಹಳಿ ಅದಕ್ಕೆ ಕಿರಿದು. ಅದನ್ನು ಒಪ್ಪಿಕೊಂಡಿದ್ದೇನೆ.

ಪಂಪು ಕೊಂಡೊಯ್ಯಲು ಬಂದ ನಿವೃತ್ತ ಲೋಕೋ ಪೈಲಟ್ ಒಬ್ಬರು ಆರ್‌ಎಸ್‌ಡಿ-12ನ್ನು ಅಂಗೈಯಲ್ಲಿ ಮಗುಚಿ ಹಿಡಿದು ನೋಡಿದರು. “ನಡುವಿನ ಚಕ್ರ ಒಂದು ಬದಿಗೆ ಜರಗಿದೆ, ನೋಡಿದಿರಾ ಮಾರಾಯ್ರೆ? ನಮ್ಮ ಡಬ್ಲ್ಯುಡಿಎಂ-2ರದ್ದೂ ಹೀಗೇ ಅಲ್ವಾ!” ಅಂದರು. ಒಂದೊಂದು ತುದಿಯ ಮೂರು ಅಚ್ಚುಗಳ ನಡುವಿನ ಅಂತರ ಸಮವಿಲ್ಲದಿರುವುದು ಆಲ್ಕೋದ ಈ ಎರಡು ಎಂಜಿನ್‌ಗಳ ಗುರುತು. ಅದನ್ನು ಅವರು ಅಷ್ಟು ಬೇಗ ಕಂಡುಹಿಡಿದದ್ದು ನೋಡಿ ನನಗೆ ಬಹಳ ಸಂತೋಷವಾಯಿತು.

ಕೊಳ್ಳುವ ಮೊದಲು ಮಾರುವವರಿಂದ ಬಾಡಿ ತೆಗೆದ ಚಾಸಿಯ ಫೋಟೋ ತರಿಸಿಕೊಳ್ಳಿ. ಸತುವಿನ ಎರಕದಲ್ಲಿ ಸೀಸ ಬೆರೆತಿದ್ದರೆ ಕಾಲಕ್ರಮೇಣ ಲೋಹ ಒಳಗಿನಿಂದ ಉಬ್ಬಿ, ಬಿರಿದು, ಪುಡಿಯಾಗುತ್ತದೆ. ತೇವ ಇದ್ದರೆ ಮತ್ತೂ ಬೇಗ. ಚಾಸಿ ಬಾಗಿದ್ದರೆ, ಬಾಡಿಯ ತುದಿ ಹೊರಕ್ಕೆ ತಳ್ಳಿದಂತಿದ್ದರೆ ಎಷ್ಟು ಅಪರೂಪದ್ದಾದರೂ ಬಿಟ್ಟುಬಿಡಿ, ಅದಕ್ಕೆ ಮದ್ದಿಲ್ಲ. ಒಂದೇ ಮಾದರಿಯ ಎರಡನೇ ಎಂಜಿನ್ ಅಗ್ಗಕ್ಕೆ ಸಿಕ್ಕಿದರೆ ಬಿಡಿಭಾಗಕ್ಕೆಂದೇ ಕೊಳ್ಳಿ. ನನ್ನವು ಹೆಚ್ಚಿನವು ಊರಿಗೆ ಬಂದದ್ದು ದುಬೈಯಿಂದ ರಜೆಗೆ ಬರುವ ಗೆಳೆಯರ ಪೆಟ್ಟಿಗೆಯಲ್ಲಿ.

ಡಬ್ಬಿಯೊಳಗಿನ ಹಳೆಯ ಫೋಮ್ ಮೊದಲು ಎಸೆಯಬೇಕು. ಅದು ಕರಗಿ ಪೈಂಟಿಗೆ ಅಂಟಿಕೊಳ್ಳುತ್ತದೆ. ನಾನು ಟಿಶ್ಯೂ ಸುತ್ತಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಜತೆ ಇಡುತ್ತೇನೆ. ಜೆಲ್ ಹಸಿರಾದರೆ ಬಿಸಿಮಾಡಿ ಒಣಗಿಸಿ ಮತ್ತೆ ಹಾಕುವುದು. ಆಟಿ ತಿಂಗಳ ಮಳೆಯಲ್ಲೂ ಸರದಿಯಂತೆ ಎಲ್ಲ ಎಂಜಿನ್ನೂ ಹಳಿಗೆ ಇಳಿಯಬೇಕು, ಮುಂದಕ್ಕೆ ಹತ್ತು ನಿಮಿಷ, ಹಿಂದಕ್ಕೆ ಹತ್ತು ನಿಮಿಷ. ಓಡುವಾಗ ಆಂಪಿಯರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಐದು ಪೋಲಿನ ಮೋಟಾರಿನವು ನನ್ನ ಮೀಟರಿನಲ್ಲಿ 100 ಮಿಲಿಆಂಪಿಯರಿನ ಆಸುಪಾಸು ಇರುತ್ತವೆ. ಯಾವುದಾದರೂ ಹಿಂದಿನ ಸಲಕ್ಕಿಂತ ಎದ್ದುಕಾಣುವಷ್ಟು ಜಾಸ್ತಿ ಎಳೆದರೆ ಅದನ್ನು ಡಬ್ಬಕ್ಕೆ ಹಾಕುವುದಿಲ್ಲ, ಮರುದಿನ ಸಂಜೆಗೆಂದು ಮೇಜಿನ ಮೇಲೇ ಬಿಡುತ್ತೇನೆ.