ತೋಟದ ಶೆಡ್ಡಿನ ಕಿಟಕಿ ಭದ್ರ ಮಾಡುವುದು ಹೇಗೆ?

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಲ್ಲಿ ಶೆಡ್ಡಿನ ಬಾಗಿಲಿಗೆ ದಪ್ಪ ಬೀಗ ಜಡಿಯುತ್ತೇವೆ, ಕಿಟಕಿಯನ್ನು ಮರೆಯುತ್ತೇವೆ. ಒಳಗೆ ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪು, ತಾಮ್ರದ ಕೇಬಲ್, ಕೊಯ್ಲಿನ ಕಾಲಕ್ಕೆ ಅಡಿಕೆ ಚೀಲ. ಇಷ್ಟಕ್ಕೆಲ್ಲ ನಾಲ್ಕು ಸ್ಕ್ರೂ ಮೇಲೆ ನಿಂತ ಕಿಟಕಿ ಸಾಲದು.

ಮೊದಲು ಹೊರಗಡೆ ನಿಂತು ನೋಡಿ. ಸ್ಕ್ರೂ ತಲೆ, ಹಿಂಜಸ್‌ನ ಪಿನ್ನು, ಗಾಜು ಹಿಡಿದ ಪಟ್ಟಿ ಹೊರಮುಖಕ್ಕೇ ಇದ್ದರೆ ಒಂದು ಸ್ಕ್ರೂಡ್ರೈವರ್ ಸಾಕು, ಕಿಟಕಿ ಕೈಗೆ ಬರುತ್ತದೆ. ಆಮೇಲೆ ಚೌಕಟ್ಟನ್ನು ಎರಡೂ ಕೈಯಲ್ಲಿ ಅಲ್ಲಾಡಿಸಿ. ಗೆದ್ದಲು ತಿಂದಿದ್ದರೆ, ಸುತ್ತಲಿನ ಗಾರೆ ಉದುರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಸರಳು ಎಷ್ಟೇ ದಪ್ಪ ಇರಲಿ, ಹಿಡಿತ ಸಡಿಲವಾಗಿದ್ದರೆ ಹಾರೆ ಹಾಕಿ ಮೀಟಿದವನಿಗೆ ಇಡೀ ಗ್ರಿಲ್ಲೇ ಕಿತ್ತು ಬರುತ್ತದೆ. ಚೌಕಟ್ಟಿನ ಎರಡೂ ಬದಿಗೆ ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಯೊಳಗೆ ಹಿಡಿದಿಡುವ ಕಬ್ಬಿಣದ ಪಟ್ಟಿ) ಹಾಕಿಸಿ, ಕಾಂಕ್ರೀಟ್ ತುಂಬಿ, ಒಂದು ವಾರ ನೀರುಣಿಸಿ.

ಗ್ರಿಲ್ಲನ್ನು ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿ ತರುವುದು ಸುಲಭ, ತೋಟದ ಕರೆಂಟು ನಂಬಿ ಕೂರಬೇಕಿಲ್ಲ. ಅಳತೆಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆದುಕೊಳ್ಳಿ. ಹಳೇ ಗೋಡೆಯ ಕಿಂಡಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. 12 ಮಿ.ಮೀ. ಚೌಕ ಸರಳು, ಎರಡರ ನಡುವೆ 4 ಇಂಚಿಗಿಂತ ಕಡಿಮೆ ಸಂದು, ಅಡ್ಡಪಟ್ಟಿ ಸೇರುವಲ್ಲೆಲ್ಲ ವೆಲ್ಡಿಂಗ್. ಗ್ರಿಲ್ಲು ಕಿಂಡಿಗಿಂತ ಸುತ್ತಲೂ 3–4 ಇಂಚು ದೊಡ್ಡದಿರಲಿ, ಗೋಡೆಯ ಒಳಮುಖಕ್ಕೆ ಕೂರಲಿ. ಆಗ ಹೊರಗಿನಿಂದ ಎಳೆದು ಕೀಳಲು ದಾರಿಯೇ ಇಲ್ಲ. ಕೂರಿಸುವ ಮೊದಲೇ ಹಿಂಬದಿಗೂ ಸೇರಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯಿರಿ.

ಗಟ್ಟಿ ಇಟ್ಟಿಗೆ ಗೋಡೆಯಾದರೆ ಆ್ಯಂಕರ್ ಬೋಲ್ಟ್ (ತೂತಿನೊಳಗೆ ಅಗಲಗೊಂಡು ಬಿಗಿಯಾಗುವ ಬೋಲ್ಟ್) ಹಿಡಿಯುತ್ತದೆ, ಆದರೆ ಕಿಂಡಿಯ ಅಂಚಿಗೆ ತೀರಾ ಹತ್ತಿರ ತೂತು ಕೊರೆದರೆ ಇಟ್ಟಿಗೆ ಒಡೆಯುತ್ತದೆ. ಒಳಗೆ ಟೊಳ್ಳಿರುವ ಹಾಲೋ ಬ್ಲಾಕ್ ಗೋಡೆಯಲ್ಲಿ ಆ ಬೋಲ್ಟನ್ನು ನಂಬಬೇಡಿ. ಗೋಡೆಯ ಆಚೆಗೂ ಹಾಯುವ ಬೋಲ್ಟ್ ಹಾಕಿ: ಹೊರಗೆ ನುಣುಪಾದ ಗುಂಡುತಲೆ ಮತ್ತು ತಗಡು ಪಟ್ಟಿ, ಒಳಗೆ ನಟ್ಟು. ನಟ್ಟಿನ ಮೇಲೆ ಒಂದು ಚುಕ್ಕೆ ವೆಲ್ಡಿಂಗ್ ಇಟ್ಟರೆ ಬಿಚ್ಚುವ ಮಾತೇ ಇಲ್ಲ. ತಗಡಿನ ಶೆಡ್ಡಾದರೆ ಗ್ರಿಲ್ಲನ್ನು ತಗಡಿಗಲ್ಲ, ಒಳಗಿನ ಆ್ಯಂಗಲ್ ಕಂಬಕ್ಕೆ ವೆಲ್ಡ್ ಮಾಡಿಸಿ.

ಗಾಜಿಗೆ ಒಳಗಿನಿಂದ ಬಿಳಿ ಬಣ್ಣ ಬಳಿದರೆ ಏನಿದೆಯೆಂದು ಹೊರಗಿನವರಿಗೆ ಕಾಣುವುದಿಲ್ಲ. ಕಳ್ಳರ ಭಯಕ್ಕೆ ಕಿಟಕಿಯನ್ನೇ ಇಟ್ಟಿಗೆ ಇಟ್ಟು ಮುಚ್ಚಬೇಡಿ. ಕೀಟನಾಶಕ, ಪೆಟ್ರೋಲ್ ಇಡುವ ಜಾಗಕ್ಕೆ ಗಾಳಿ ಆಡಲೇಬೇಕು.

ಕೊಯ್ಲಿನಲ್ಲಿ ಕಾವಲಿಗೆ ಯಾರಾದರೂ ಶೆಡ್ಡಿನಲ್ಲೇ ಮಲಗುವುದಿದ್ದರೆ ಒಂದು ಕಿಟಕಿಗೆ ತೆರೆಯುವ ಗ್ರಿಲ್ಲೇ ಇರಲಿ. ಬೆಂಕಿ ಬಿದ್ದು ಬಾಗಿಲ ದಾರಿ ಮುಚ್ಚಿಹೋದರೆ ಅವರು ಹೊರಬರುವುದು ಅಲ್ಲಿಂದಲೇ. ಅದರ ಬೀಗದ ಕೈಯನ್ನು ಒಳಗೆ, ಕತ್ತಲಲ್ಲೂ ಕೈಗೆ ಸಿಗುವ, ಹೊರಗಿನಿಂದ ಕೈ ಚಾಚಿದರೆ ಎಟುಕದ ಮೊಳೆಗೆ ನೇತುಹಾಕಿ.